ಕೂಡಿಸಿದ ಕೈಯ ಮಾತು

ಇಳಕಲ್ ಸೀರೆ ನೇಯುವ ಕಮತಗಿಯ ಮಗ್ಗಗಳ ನಡುವೆ ಬೆಳೆದವನು ನಾನು. ಆ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕುಣಿಕೆಗಳಿಂದ ಒಂದಕ್ಕೊಂದು ಕೂಡಿಸಿ ನೇಯುವರು. ಹಿರಿಯರು ಸೀರೆಯನ್ನು ಕೈಗೆತ್ತಿಕೊಂಡರೆ ಮೊದಲು ಬೆರಳಾಡಿಸುತ್ತಿದ್ದುದು ಆ ಕೂಡುವೆಡೆಯ ಮೇಲೆಯೇ. ಬೆಂಗಳೂರಿನ ನನ್ನ ಗಣಕದ ಉದ್ಯೋಗದಲ್ಲಿಯೂ ಅಂತಹ ಕೂಡುವೆಡೆಯೊಂದಿದೆ. ಅಲ್ಲಿ ನಾನೆಸಗಿದ ತಪ್ಪೊಂದನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳಬೇಕಾಗಿದೆ.

ಒಂದೇ ಪ್ರೋಗ್ರಾಮನ್ನು ಹಲವರು ಏಕಕಾಲಕ್ಕೆ ತಿದ್ದುತ್ತಾರೆ. ಒಬ್ಬೊಬ್ಬರ ತಿದ್ದುಪಡಿಯೂ ಒಂದೊಂದು ಶಾಖೆ. ಬಳಿಕ ಅವನ್ನು ಕೂಡಿಸಬೇಕು. ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ರೂಪಿಸಿದ 'ಗಿಟ್' ಎಂಬ ಸಾಧನ ಇದರ ಇತಿಹಾಸವನ್ನು ಕಾದಿಡುತ್ತದೆ. ಒಂದೇ ಸಾಲನ್ನು ಇಬ್ಬರು ಎರಡು ಬಗೆಯಲ್ಲಿ ತಿದ್ದಿದ್ದರೆ ಮಾತ್ರ ಅದು ತಾನಾಗಿ ತೀರ್ಮಾನಿಸದು. ಕೂಡಿಸುವವನೇ ಆರಿಸಿ, ಟಿಪ್ಪಣಿ ಬರೆಯಬೇಕು. ಇಂಥ ಶಾಖೆಯನ್ನು ಕೂಡಿಸಲಾಗಿದೆ ಎಂಬ ಸಿದ್ಧವಾಕ್ಯವನ್ನು ಸಾಧನವೇ ಒದಗಿಸುವುದರಿಂದ ಹಲವರು ಅದನ್ನೇ ಉಳಿಸಿ ಮುಂದೆ ಸಾಗುತ್ತಾರೆ. ನಾನೂ ಸಾಗಿದೆ.

2019ರ ಮಾತು. ಬಡ್ಡಿ ಲೆಕ್ಕದ ಸಾಲೊಂದರಲ್ಲಿ ಸಹೋದ್ಯೋಗಿನಿಯೊಬ್ಬರು ಅಧಿಕ ವರ್ಷದ ದಿನಗಣನೆಯನ್ನು ಸರಿಪಡಿಸಿದ್ದರು. ಪೈಸೆಯನ್ನು ರೂಪಾಯಿಗೆ ಸರಿಹೊಂದಿಸುವ ಕ್ರಮವನ್ನು ನಾನು ಅದೇ ಸಾಲಿನಲ್ಲಿ ಬದಲಿಸಿದ್ದೆ. ಅವಸರದಲ್ಲಿ ನನ್ನದನ್ನು ಉಳಿಸಿ ಅವರದನ್ನು ಕೈಬಿಟ್ಟೆ. ಟಿಪ್ಪಣಿ ಮಾತ್ರ 'ಕೂಡಿಸಲಾಗಿದೆ' ಎಂದಿತು. 2020ರ ಫೆಬ್ರವರಿ 29ರಂದು ಲೆಕ್ಕ ತಪ್ಪಿತು. ಕೂಡಿಸುವಾಗ ಆದ ಬದಲಾವಣೆಗಳನ್ನು ಗಿಟ್ಟಿನ ಇತಿಹಾಸ ವಿಶೇಷವಾಗಿ ಕೇಳಿದ ಹೊರತು ತೋರಿಸುವುದಿಲ್ಲ. ಆಕೆ ಕೆಲಸವನ್ನೇ ಮಾಡಿಲ್ಲವೆಂದು ಮೇಲಿನವರು ನಂಬಿದರು. ಎರಡು ದಿನ ಹುಡುಕಿ ಆಕೆ ನನ್ನ ಬಳಿ ಬಂದು, "ಸರ್, ನನ್ನ ತಿದ್ದುಪಡಿಯನ್ನು ಏಕೆ ಬಿಟ್ಟಿರಿ?" ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ! ಮೇಲಿನವರಲ್ಲಿ ತಪ್ಪೊಪ್ಪಿಕೊಂಡೆನಾದರೂ ಆಕೆಯ ಆ ಎರಡು ದಿನಗಳನ್ನು ಹಿಂದಿರುಗಿಸಲಾಗಲಿಲ್ಲ. ಸುಳ್ಳಾಡಿದೆನೇ? ಮರೆವು ಎಂದುಕೊಂಡು ಸಮಾಧಾನ ಪಡಬಹುದಿತ್ತು. ಆದರೆ ಬಿಟ್ಟದ್ದನ್ನು ಕೂಡಿಸಿದೆನೆಂದು ಬರೆದು ಅದರ ಕೆಳಗೆ ನನ್ನ ಹೆಸರಿರಿಸಿದ್ದೆನಲ್ಲ!

ಆಗ ನೆನಪಾದುದು ಸ್ವಾಧ್ಯಾಯದಲ್ಲಿ ಕೇಳಿದ್ದ ಜಯಧವಲೆಯ ಪ್ರಶಸ್ತಿ. ವೀರಸೇನಾಚಾರ್ಯರು ಇಪ್ಪತ್ತು ಸಾವಿರ ಗ್ರಂಥಪ್ರಮಾಣ ರಚಿಸಿದ ಆ ಟೀಕೆಗೆ ಶಿಷ್ಯ ಜಿನಸೇನರು ಇನ್ನೂ ನಲವತ್ತು ಸಾವಿರ ಸೇರಿಸಿ ಶಕ 759ರಲ್ಲಿ, ಎಂದರೆ ಕ್ರಿ.ಶ. 837ರಲ್ಲಿ, ಮುಗಿಸಿದರು. ಹೇಳಬೇಕಾದುದು ಬಹಳವಿದ್ದ ಮೊದಲ ಭಾಗ ಗುರುಗಳದು, ಅದನ್ನು ನೋಡಿ ತುಂಬಿಸಿದ ಉಳಿದ ಭಾಗ ತಮ್ಮದು ಎಂದು ಅಲ್ಲಿ ಅರಿಕೆ ಮಾಡಿದ್ದಾರೆ. ದುಪ್ಪಟ್ಟು ಬರೆದವರ ವಿನಯ ಅದು. ಎರಡು ಕೈಗಳು ಕೂಡಿವೆ ಎಂಬುದನ್ನು ಅವರು ಮರೆಮಾಡಲಿಲ್ಲ.

ಈಗ ನಾನು ಸಿದ್ಧವಾಕ್ಯವನ್ನು ಉಳಿಸುವುದಿಲ್ಲ. ಶಾಖೆ ಏಕೆ ಹುಟ್ಟಿತು, ಯಾವ ಸಾಲಿನಲ್ಲಿ ಘರ್ಷಣೆಯಾಯಿತು, ಯಾರದನ್ನು ಉಳಿಸಿದೆ, ಯಾರದನ್ನು ಯಾರನ್ನು ಕೇಳಿ ಬಿಟ್ಟೆ ಎಂದು ಬರೆಯುತ್ತೇನೆ. ಕಿರಿಯರು ನಗುತ್ತಾರೆ, "ಸರ್, ಇದು ಟಿಪ್ಪಣಿಯೋ ಪುರಾಣವೋ" ಎಂದು. ಆ ಸಹೋದ್ಯೋಗಿನಿ ಮಾತ್ರ ನಗುವುದಿಲ್ಲ, ಪೂರ್ತಿ ಓದುತ್ತಾರೆ.