ಯುದ್ಧದ ಬಿಲ್ ಯಾರ ಹೆಸರಿಗೆ?

ಬೆಳಕೆಯ ನಮ್ಮ ಮನೆಯ ಚಿರೆಕಲ್ಲಿನ ಗೋಡೆ ಕಟ್ಟಿದ್ದು ಕುವೈತ್ ಯುದ್ಧದ ಪರಿಹಾರದ ಹಣದಲ್ಲಿ. ಆ ಯುದ್ಧ ನಡೆದಾಗ ನಾನು ಹುಟ್ಟಿರಲಿಲ್ಲ. ಅಪ್ಪನೇ ಆಗ ಶಾಲೆಗೆ ಹೋಗುವ ಹುಡುಗ.

ದಾದಾ, ಅಂದರೆ ನನ್ನ ಅಜ್ಜ, ಕುವೈತಿನ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದರು. 1990ರ ಆಗಸ್ಟ್ 2ರಂದು ಸದ್ದಾಂ ಹುಸೇನನ ಸೈನ್ಯ ಕುವೈತಿಗೆ ನುಗ್ಗಿತು. ದಾದಾ ಬಸ್ಸಿನಲ್ಲಿ ಇರಾಕ್ ದಾಟಿ, ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಬೊಂಬಾಯಿಗೆ ಬಂದರು. ಆಗ ವಿಮಾನದಲ್ಲಿ ಕರೆತಂದ ಭಾರತೀಯರು ಒಂದು ಲಕ್ಷಕ್ಕೂ ಹೆಚ್ಚು. ದಾದಾ ಊರಿಗೆ ತಂದದ್ದು ಒಂದು ಕೈಚೀಲ ಮಾತ್ರ. ಬರಬೇಕಿದ್ದ ಸಂಬಳ ಅಲ್ಲೇ ಹೋಯಿತು. ಈ ಕಥೆಯನ್ನು ಉರ್ದುವಿನಲ್ಲಿ ಹೇಳುವಾಗ ಅವರು ಒಂದು ಮಾತನ್ನು ಯಾವತ್ತೂ ಬಿಡುತ್ತಿರಲಿಲ್ಲ: ದಾರಿಯಲ್ಲಿ ನಮಗೆ ನೀರು ಕೊಟ್ಟವರು ಇರಾಕಿನ ಬಡವರು.

1991ರಲ್ಲಿ ವಿಶ್ವಸಂಸ್ಥೆ ಒಂದು ಪರಿಹಾರ ಆಯೋಗವನ್ನು ರಚಿಸಿತು. ದಾಳಿ ಮಾಡಿದವನೇ ನಷ್ಟ ತುಂಬಿಕೊಡಬೇಕು ಎಂಬುದು ನಿಯಮ. ಕುವೈತ್ ಬಿಟ್ಟು ಬಂದ ಒಬ್ಬರಿಗೆ 2,500 ಅಥವಾ 4,000 ಡಾಲರ್ ಎಂದು ನಿಗದಿಯಾಯಿತು. ದಾದಾರಿಗೂ ಕಂತಿನಲ್ಲಿ ಹಣ ಬಂತು. ಅದು ಅವರ ಹಕ್ಕಿನ ಹಣ, ಅದರಲ್ಲಿ ತಪ್ಪೇನಿಲ್ಲ.

ಆದರೆ ನಾವು ಕಾಮರ್ಸ್ ವಿದ್ಯಾರ್ಥಿಗಳು. ಪ್ರತಿ ಕ್ರೆಡಿಟ್‌ಗೂ ಒಂದು ಡೆಬಿಟ್ ಇರಬೇಕೆಂದು ನಮಗೆ ಮೊದಲ ದಿನವೇ ಕಲಿಸಿದ್ದಾರೆ. ಇಲ್ಲಿ ಹಣ ಕೊಟ್ಟವರು ಯಾರು? ಆಗ ಇರಾಕಿನ ಮೇಲೆ ಆರ್ಥಿಕ ದಿಗ್ಬಂಧನವಿತ್ತು. ಆಹಾರ, ಔಷಧಿ ಕೊಳ್ಳಲೆಂದು 1996ರ ಕೊನೆಯಲ್ಲಿ ಎಣ್ಣೆ ಮಾರಲು ಅನುಮತಿ ಸಿಕ್ಕಿತು. ಆ ಮಾರಾಟದ ಹಣದಲ್ಲೇ ನೂರಕ್ಕೆ 30ರಷ್ಟು ಪರಿಹಾರಕ್ಕೆ ಹೋಗುತ್ತಿತ್ತು. ಅಂದರೆ ಕೊಟ್ಟವನು ಸದ್ದಾಂ ಅಲ್ಲ, ನೀರು ಕೊಟ್ಟ ಆ ಬಡವರು. ಕೊನೆಯ ಕಂತು ತೀರಿದ್ದು 2022ರ ಜನವರಿಯಲ್ಲಿ. ಒಟ್ಟು ಸುಮಾರು 52 ಬಿಲಿಯನ್ ಡಾಲರ್.

ಈಗ ಇನ್ನೊಂದು ದಾಳಿಯನ್ನು ನೋಡೋಣ. 2003ರ ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ಭದ್ರತಾ ಮಂಡಳಿಯಲ್ಲಿ ಒಂದು ಚಿಕ್ಕ ಸೀಸೆ ಎತ್ತಿ ಹಿಡಿದು, ಇರಾಕಿನ ಬಳಿ ಭಯಾನಕ ಅಸ್ತ್ರಗಳಿವೆ ಎಂದು ವಾದಿಸಿದರು. ಮುಂದಿನ ತಿಂಗಳೇ ಯುದ್ಧ. ಅಂಥ ಅಸ್ತ್ರಗಳ ದಾಸ್ತಾನು ಇರಲಿಲ್ಲವೆಂದು 2004ರಲ್ಲಿ ಅಮೆರಿಕ ಕಳಿಸಿದ ತಂಡವೇ ವರದಿ ಕೊಟ್ಟಿತು. ಆ ದಾಳಿಯ ನಷ್ಟ ತುಂಬಿಸಲು ಆಯೋಗ ಹುಟ್ಟಲಿಲ್ಲ. ದಾಳಿಗೆ ಒಳಗಾದ ಇರಾಕ್ ಮಾತ್ರ 1990ರ ಸಾಲ ಕಟ್ಟುತ್ತಲೇ ಇತ್ತು. ನಿಯಮ ಒಂದೇ, ಬಿಲ್ ಹೋದದ್ದು ಒಬ್ಬನ ಹೆಸರಿಗೆ.

ಇದು ಹೇಗೆ ಸಾಧ್ಯವಾಯಿತು? ಬಾಂಬಿಗಿಂತ ಮೊದಲು ಕಥೆ ಹೊರಡುತ್ತದೆ. 1990ರ ಅಕ್ಟೋಬರ್ 10ರಂದು ನಯೀರಾ ಎಂಬ 15 ವರ್ಷದ ಹುಡುಗಿ ಅಮೆರಿಕದ ಸಂಸದರ ಮುಂದೆ ಅಳುತ್ತಾ ಹೇಳಿಕೆ ಕೊಟ್ಟಳು. ಇರಾಕಿ ಸೈನಿಕರು ಕುವೈತಿನ ಆಸ್ಪತ್ರೆಯಲ್ಲಿ ಹಸುಗೂಸುಗಳನ್ನು ಇನ್‌ಕ್ಯುಬೇಟರಿನಿಂದ ತೆಗೆದು ನೆಲದ ಮೇಲೆ ಸಾಯಲು ಬಿಟ್ಟರು ಎಂದಳು. ಅಧ್ಯಕ್ಷ ಬುಷ್ ಅದನ್ನು ಮತ್ತೆ ಮತ್ತೆ ಹೇಳಿದರು. 1992ರಲ್ಲಿ ಗೊತ್ತಾಯಿತು, ಆಕೆ ಅಮೆರಿಕದಲ್ಲಿದ್ದ ಕುವೈತ್ ರಾಯಭಾರಿಯ ಮಗಳು. ಪ್ರಚಾರದ ಹಿಂದೆ ಹಿಲ್ ಅಂಡ್ ನೋಲ್ಟನ್ ಎಂಬ ಕಂಪನಿಯಿತ್ತು. ಆಕೆ ಹೇಳಿದ್ದಕ್ಕೆ ಆಧಾರ ಸಿಗಲಿಲ್ಲ. ಇದನ್ನು ಬಯಲು ಮಾಡಿದ ಜಾನ್ ಮ್ಯಾಕ್‌ಆರ್ಥರ್ ಕೂಡ ಅಮೆರಿಕದವರೇ.

ಅಮೆರಿಕವನ್ನು ಪ್ರಶ್ನಿಸಿದರೆ ಸದ್ದಾಂ ಪರ ಎನ್ನುವವರಿದ್ದಾರೆ. ಸದ್ದಾಂ ಕ್ರೂರಿ, ಕುವೈತಿನ ಮೇಲಿನ ದಾಳಿ ಅನ್ಯಾಯ. ಅದರ ಪೆಟ್ಟು ತಿಂದ ಮನೆಯಿಂದಲೇ ಬರೆಯುತ್ತಿದ್ದೇನೆ. ಅವನ ಸರ್ಕಾರವೂ ಸುಳ್ಳು ಹರಡಿತ್ತು. ದಿಗ್ಬಂಧನದಿಂದ 5 ಲಕ್ಷ ಮಕ್ಕಳು ಸತ್ತರು ಎಂಬ ಅಂಕಿ ಇಂದಿಗೂ ಎಲ್ಲೆಡೆ ಓಡಾಡುತ್ತದೆ. ಆ ಅಂಕಿ ಇರಾಕ್ ಸರ್ಕಾರ ತಿರುಚಿದ್ದೆಂದು 2017ರ ಒಂದು ಅಧ್ಯಯನ ತೋರಿಸಿತು. ಆದರೆ 1996ರಲ್ಲಿ ಟಿವಿ ಸಂದರ್ಶನದಲ್ಲಿ ಇದೇ ಅಂಕಿ ಹೇಳಿ ಪ್ರಶ್ನೆ ಕೇಳಿದಾಗ, ವಿಶ್ವಸಂಸ್ಥೆಯಲ್ಲಿದ್ದ ಅಮೆರಿಕದ ರಾಯಭಾರಿ ಮೆಡಲಿನ್ ಆಲ್‌ಬ್ರೈಟ್ ಅದನ್ನು ಅಲ್ಲಗಳೆಯಲಿಲ್ಲ. ಅಷ್ಟು ಬೆಲೆ ತೆತ್ತರೂ ಸರಿಯೇ ಎಂಬರ್ಥದಲ್ಲಿ ಉತ್ತರಿಸಿದರು. ಅಂಕಿ ಸುಳ್ಳು, ಉತ್ತರ ನಿಜ. ದಿಗ್ಬಂಧನದ ನೋವೂ ನಿಜ. ಇರಾಕಿನಲ್ಲಿ ವಿಶ್ವಸಂಸ್ಥೆಯ ನೆರವಿನ ಹೊಣೆ ಹೊತ್ತಿದ್ದ ಡೆನಿಸ್ ಹ್ಯಾಲಿಡೇ ಅದನ್ನು ಪ್ರತಿಭಟಿಸಿ 1998ರಲ್ಲಿ ರಾಜೀನಾಮೆ ಕೊಟ್ಟರು.

ಗೆಳೆಯರೇ, ನಮ್ಮಲ್ಲಿ ಅನೇಕರ ತಂದೆ, ಅಣ್ಣಂದಿರು ಈಗಲೂ ಗಲ್ಫಿನಲ್ಲಿದ್ದಾರೆ. ಅಲ್ಲಿ ಯುದ್ಧದ ಸುದ್ದಿ ಬಂದರೆ ರಾತ್ರಿ ನಿದ್ದೆ ಕೆಡುವುದು ಇಲ್ಲಿ. ಆ ಹೊತ್ತಿಗೆ ಮೊಬೈಲಿಗೆ ಬರುವ ಪ್ರತಿ ಕಥೆಗೂ ಎರಡು ಪ್ರಶ್ನೆ ಹಾಕೋಣ. ಹೇಳುತ್ತಿರುವವರು ಯಾರ ಮನೆಯವರು? ಕೊನೆಗೆ ಹಣ ಕಟ್ಟುವವರು ಯಾರು? ನಮಗೆ ಇಷ್ಟವಾಗುವ ಕಥೆಗೂ ಇದೇ ಪ್ರಶ್ನೆ ಇರಲಿ.