ಶಿವನ ಕುಣಿತ ನೋಡಿ ವಿಷಲ್ ಹೊಡೆಯೋ ಮುಂಚೆ (ಭಾಗ 4)

ಸಕಲೇಶಪುರದಲ್ಲಿ ಮಳೆ ಹಿಡೀತು ಅಂದ್ರೆ ಸಾಕು, ನಿಮ್ಮೆಲ್ಲರ ಸ್ಟೇಟಸ್‌ನಲ್ಲೂ ಅದೇ ಕ್ಲಿಪ್. ಮಳೇಲಿ ನೆನೀತಾ ಹುಲಿವೇಷದ ಹೆಜ್ಜೆ ಹಾಕೋ ರಾಜ್ ಬಿ. ಶೆಟ್ಟಿ, ಹಿಂದೆ ‘ಸೋಜುಗಾದ ಸೂಜುಮಲ್ಲಿಗೆ’. ಆಲೂರು ಕಡೆಯಿಂದ ಬರೋ ಬಸ್ಸಲ್ಲಿ ರಿಂಗ್‌ಟೋನೂ ಅದೇ!

ಮಾಸ್ ಆಗಿದೆ, ಒಪ್ಕೋತೀನಿ. ಆದ್ರೆ ಆ ಕುಣಿತಕ್ಕೆ ಮುಂಚೆ ಏನಾಗುತ್ತೆ, ನೆನಪಿದೆಯಾ? ಶಿವ ಆಗಷ್ಟೇ ಕೊಲೆ ಮಾಡಿರ್ತಾನೆ.

‘ಗರುಡ ಗಮನ ವೃಷಭ ವಾಹನ’ ಬಂದಿದ್ದು 2021ರ ನವೆಂಬರ್‌ನಲ್ಲಿ. ನಮ್ಮ ಶಿರಾಡಿ ಘಾಟಿ ಇಳಿದ್ರೆ ಸಿಗೋ ಮಂಗಳೂರು, ಅಲ್ಲಿನ ಮಂಗಳಾದೇವಿ ಏರಿಯಾದ ಕಥೆ. ಅಲ್ಲಿ ದಸರಾಗೆ ಹುಲಿವೇಷ ಹಾಕೋದು ಎಷ್ಟೋ ಜನಕ್ಕೆ ದೇವಿಗೆ ಹೊತ್ತ ಹರಕೆ. ಹರಕೆಯ ಹೆಜ್ಜೆಯನ್ನ ರಕ್ತ ಹರಿಸಿದವನು ಹಾಕ್ತಾನೆ ಅನ್ನೋದೇ ಅಲ್ಲಿರೋ ಭಯ. ಅದನ್ನ ಕತ್ತರಿಸಿ ಬರೀ ಸ್ಟೆಪ್ ಇಟ್ಕೊಂಡ್ರೆ ಉಳಿಯೋದೇನು ಹೇಳಿ?

2017ರ ‘ಒಂದು ಮೊಟ್ಟೆಯ ಕಥೆ’ಯಲ್ಲಿ ತಲೆಗೂದಲಿಲ್ಲ ಅಂತ ಕೊರಗೋ ಲೆಕ್ಚರರ್ ಆಗಿದ್ದವರೂ ಇವರೇ. ಶಿವನಿಗೆ ಸಿಕ್ಸ್ ಪ್ಯಾಕ್ ಇಲ್ಲ, ಪಂಚ್ ಡೈಲಾಗ್ ಇಲ್ಲ. ಮಾತೇ ಕಮ್ಮಿ. ಕ್ರಿಕೆಟ್ ಆಡ್ಕೊಂಡು ಓಡಾಡೋ, ನಮ್ಮ ಗ್ರೌಂಡಲ್ಲೂ ಸಿಗೋ ಥರದ ಹುಡುಗ. ಹರಿ (ರಿಷಬ್ ಶೆಟ್ಟಿ) ಒಬ್ಬನೇ ಅವನ ಲೋಕ. ಯಾವಾಗ ಕೆರಳ್ತಾನೋ ಗೊತ್ತಾಗಲ್ಲ ನೋಡಿ, ಅದಕ್ಕೇ ಅವನು ಸುಮ್ನೆ ನಿಂತಿದ್ರೂ ಎದೆ ಡವಡವ ಅನ್ನುತ್ತೆ.

ಬರೆದಿದ್ದು, ನಿರ್ದೇಶಿಸಿದ್ದು, ನಟಿಸಿದ್ದು ಎಲ್ಲ ಅವರೇ. ನಿರ್ಮಾಣದಲ್ಲೂ ಅವರದೇ ಲೈಟರ್ ಬುದ್ಧ ಫಿಲ್ಮ್ಸ್ ಇತ್ತು. ನನ್ನ ಬಿಕಾಂ ತಲೆಗೆ ಹೊಳೆಯೋದು ಇಷ್ಟೇ: ಬೇರೆಯವರದೇ ದುಡ್ಡಾಗಿದ್ರೆ ‘ಹೀರೋ ಇನ್ನೊಂಚೂರು ಒಳ್ಳೆಯವನಾಗಿರ್ಲಿ, ಒಂದು ಡ್ಯುಯೆಟ್ ಹಾಕಿ’ ಅನ್ನೋ ಮಾತು ಬಂದೇ ಬರ್ತಿತ್ತು. ಲೆಕ್ಕದ ಪುಸ್ತಕ ನಮ್ಮ ಕೈಲಿದ್ರೆ ಶಿವ ಶಿವನಾಗೇ ಇರಬಹುದು. 2023ರ ‘ಟೋಬಿ’ಯಲ್ಲಂತೂ ಮಾತೇ ಬಾರದವನ ಪಾತ್ರ. 2025ರಲ್ಲಿ ಅದೇ ಬ್ಯಾನರ್ ‘ಸು ಫ್ರಮ್ ಸೋ’ ಮಾಡಿ ಊರೆಲ್ಲ ನಗಿಸಿತು. ನಂಗೆ ಮಾತ್ರ ಆ ಕತ್ತಲೆಯ ಶಿವನೇ ಹೆಚ್ಚು.

ಒಂದೇ ರಿಕ್ವೆಸ್ಟ್. ಈ ವಾರ ಕ್ಲಿಪ್ ಬಿಟ್ಟು ಪೂರ್ತಿ ಸಿನಿಮಾ ನೋಡಿ. ಅವನು ಕುಣಿಯುವಾಗ ಮುಖ ನೋಡಿ, ಕಾಲಲ್ಲ. ನಿಮಗೇನನ್ನಿಸ್ತು ಅಂತ ಕೆಳಗೆ ಬರೀರಿ. ಮುಂದಿನ ಭಾಗ ‘ಉಳಿದವರು ಕಂಡಂತೆ’, ರಿಚ್ಚಿ ಫ್ಯಾನ್ಸ್ ರೆಡಿಯಾಗಿ.