ಕಾಲಿದ್ದಷ್ಟೇ ಬೂಟು



ಜೂನ್ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು, ನಿಮ್ಮನ್ನು ಬೂಟಿನ ಅಂಗಡಿಗೆ ಕರೆದುಕೊಂಡು ಹೋದದ್ದು ನೆನಪಿದೆಯೇ? "ಒಂದು ನಂಬರ್ ದೊಡ್ಡದೇ ಕೊಡಿ, ಬೆಳೆಯುವ ಕಾಲು" ಎಂದು ನಿಮ್ಮಮ್ಮ ಖಂಡಿತ ಹೇಳಿರುತ್ತಾರೆ. ನಾನೂ ಹಾಗೆ ಹೇಳಿದವಳೇ. ಡೊಂಬಿವಿಲಿಯಲ್ಲಿ ಬೆಳೆದ ನನ್ನ ಮಗಳು ಬೂಟಿನ ತುದಿಗೆ ಹತ್ತಿ ತುರುಕಿಕೊಂಡೇ ಹತ್ತನೆಯ ತರಗತಿ ಮುಗಿಸಿದಳು. ಈ ಜಾಣತನ ಎಲ್ಲ ಕಡೆಗೂ ಸಲ್ಲುವುದಿಲ್ಲವೆಂದು ನನಗೆ ತಿಳಿದದ್ದು ಇಟಲಿಯ ಹಿಮದ ಬೆಟ್ಟಗಳ ನಡುವೆ.

ಆ ಊರು ಕರೆಜ್ಜಾ. ಬೋಲ್ಜಾನೊ ಪಟ್ಟಣದಿಂದ ಹೊರಟ ಬಸ್ಸು ಇಕ್ಕಟ್ಟಾದ ಕಣಿವೆಯಲ್ಲಿ ಏರುತ್ತಲೇ ಹೋಗುತ್ತದೆ. ರಸ್ತೆಯ ಫಲಕಗಳಲ್ಲೆಲ್ಲ ಇಟಾಲಿಯನ್ ಮತ್ತು ಜರ್ಮನ್ ಎರಡೂ ಇರುತ್ತವೆ. ಮೊದಲ ಮಹಾಯುದ್ಧದ ನಂತರ ಆಸ್ಟ್ರಿಯಾದಿಂದ ಇಟಲಿಗೆ ಸೇರಿದ ಸೀಮೆ ಇದು. ಬಸ್ಸಿನಲ್ಲಿ ಪಕ್ಕ ಕುಳಿತ ತಾಯಿ ಡ್ರೈವರನೊಡನೆ ಇಟಾಲಿಯನ್‌ನಲ್ಲಿ ಮಾತಾಡಿ, ಮಗುವನ್ನು ಜರ್ಮನ್‌ನಲ್ಲಿ ಗದರಿಸಿದಳು. ಹೊರಗೆ ಮರಾಠಿ, ಬೈಯುವಾಗ ಕನ್ನಡ, ಥೇಟ್ ನಮ್ಮ ಮನೆಯ ಹಾಗೆ!

ಸುಮಾರು 1500 ಮೀಟರ್ ಎತ್ತರದಲ್ಲಿ ಒಂದು ಪುಟ್ಟ ಸರೋವರವಿದೆ. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಮಲಗಿರುತ್ತದೆ. ಒಂದು ಕಡೆ ಲಾಟೆಮಾರ್ ಶಿಖರಗಳು, ಇನ್ನೊಂದು ಕಡೆ ರೋಸೆನ್‌ಗಾರ್ಟನ್, ಅಂದರೆ ಗುಲಾಬಿ ತೋಟ. 2018ರ ಅಕ್ಟೋಬರ್‌ನ ಬಿರುಗಾಳಿಗೆ ಇಲ್ಲಿಯ ಕಾಡು ರಾಶಿರಾಶಿಯಾಗಿ ಉರುಳಿತ್ತು. ಆ ಬೋಳು ಜಾಗಗಳು ಇನ್ನೂ ಕಣ್ಣಿಗೆ ಬೀಳುತ್ತವೆ.

ನಾನು ಅಲ್ಲಿಗೆ ಹೋದದ್ದು ನೋಟ ಸವಿಯಲಿಕ್ಕಲ್ಲ, ಜಗಳ ಮಾಡಲಿಕ್ಕೆ. ಮಗಳು ಮ್ಯೂನಿಕ್‌ನಲ್ಲಿ ನೌಕರಿಯಲ್ಲಿದ್ದಾಳೆ. ಹಿಂದಿನ ಚಳಿಗಾಲ ಸ್ನೋಬೋರ್ಡಿನಿಂದ ಬಿದ್ದು ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಮೂರು ವಾರ ನಮಗೆ ಹೇಳಲೇ ಇಲ್ಲ. ಫೋನಿನಲ್ಲಿ "ಊಟ ಆಯ್ತಾ ಅಮ್ಮಾ?" ಎಂದು ನಗುತ್ತಲೇ ಇದ್ದಳು. ವಿಷಯ ತಿಳಿದ ದಿನವೇ ಈ ಆಟ ಬಿಡಿಸುವುದೆಂದು ನಿಶ್ಚಯಿಸಿದೆ. "ಮೊದಲು ನನ್ನ ಜೊತೆ ಬೂಟಿನ ಅಂಗಡಿಗೆ ಬಾ, ಆಮೇಲೆ ಬೈಯಿ" ಎಂದಳು.

ಅವಳು ಆಡುವುದು ಆಲ್ಪೈನ್ ಕಾರ್ವಿಂಗ್. ಹಲಗೆ ಕಿರಿದು, ಬಿರುಸು. ಯಂತ್ರದಿಂದ ಬಾಚಿದಂತೆ ಸಮಮಾಡಿದ ಗಟ್ಟಿ ಹಿಮದ ಮೇಲೆ ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ, ಮೈಯನ್ನು ನೆಲಕ್ಕೆ ವಾಲಿಸಿ, ಗೆರೆ ಕೊರೆದಂತೆ ತಿರುಗುತ್ತಾರೆ. 1998ರ ನಾಗಾನೊ ಒಲಿಂಪಿಕ್ಸ್‌ನಲ್ಲಿ ಸ್ನೋಬೋರ್ಡಿಗೆ ಮೊದಲ ಬಾರಿ ಜಾಗ ಸಿಕ್ಕಿತು. 2018ರಲ್ಲಿ ಜೆಕ್ ಹುಡುಗಿ ಎಸ್ಟರ್ ಲೆಡೆಟ್ಸ್ಕಾ ಒಂದೇ ಒಲಿಂಪಿಕ್ಸ್‌ನಲ್ಲಿ ಸ್ಕೀಯಲ್ಲೂ ಸ್ನೋಬೋರ್ಡಿನಲ್ಲೂ ಚಿನ್ನ ಗೆದ್ದಳು. ಕರೆಜ್ಜಾದಲ್ಲೂ ವಿಶ್ವಕಪ್ ಪಂದ್ಯಗಳು ನಡೆಯುತ್ತವೆ.

ಈ ಆಟಕ್ಕೆ ಮೆತ್ತನೆಯ ಬೂಟು ಸಾಲದು, ಪ್ಲಾಸ್ಟಿಕ್ ಚಿಪ್ಪಿನ ಹಾರ್ಡ್ ಬೂಟು ಬೇಕು. ಬೋಲ್ಜಾನೊದ ಅಂಗಡಿಯ ಮುದುಕ ಮೊದಲು ಅವಳನ್ನು ಗೋಡೆಗೆ ಹಿಮ್ಮಡಿ ತಾಗಿಸಿ ನಿಲ್ಲಿಸಿ ಪಾದ ಅಳೆದ. 24 ಸೆಂಟಿಮೀಟರ್. ಈ ಬೂಟುಗಳ ನಂಬರೂ ಸೆಂಟಿಮೀಟರಿನಲ್ಲೇ ಇರುತ್ತದೆ. ಬಿದ್ದ ದಿನ ಅವಳು ಬಾಡಿಗೆಗೆ ತಂದಿದ್ದದ್ದು 26!

ಮುದುಕ ಒಳಗಿನ ಮೆತ್ತೆಯನ್ನು, ಅಂದರೆ ಲೈನರನ್ನು, ಹೊರಗೆಳೆದು ಬರೀ ಚಿಪ್ಪಿನಲ್ಲಿ ಕಾಲಿಡಿಸಿದ. ಬೆರಳ ತುದಿ ಮುಂದೆ ಮೆಲ್ಲಗೆ ತಾಗಬೇಕು, ಆಗ ಹಿಮ್ಮಡಿಯ ಹಿಂದೆ ಒಂದೂವರೆ ಬೆರಳಿನಷ್ಟು ಜಾಗ ಉಳಿಯಬೇಕು. ಹೆಚ್ಚು ಉಳಿದರೆ ಬೂಟು ದೊಡ್ಡದು. ಲೈನರ್ ಹಾಕಿ ನೆಟ್ಟಗೆ ನಿಂತಾಗ ಬೆರಳು ತಾಗುತ್ತದೆ, ಮಂಡಿ ಬಗ್ಗಿಸಿದೊಡನೆ ಹಿಂದೆ ಸರಿಯುತ್ತದೆ. ಮುಂದೆ ವಾಲಿದಾಗ ಹಿಮ್ಮಡಿ ಮೇಲೇಳಬಾರದು.

ನಾನು ತಡೆಯಲಾರದೆ, "ಸ್ವಲ್ಪ ದೊಡ್ಡದಾದರೆ ಏನು? ಎರಡು ಕಾಲುಚೀಲ ಹಾಕಿಕೊಳ್ಳಲಿ" ಎಂದೆ. ಮಗಳು ಜರ್ಮನ್‌ಗೆ ತಿರುಗಿಸಿದಳು. ಮುದುಕ ನಕ್ಕು, ಹಲಗೆಯೊಂದನ್ನು ತಂದು ನೆಲದ ಮೇಲೆ ಓರೆಯಾಗಿ ಹಿಡಿದು ತೋರಿಸಿದ. ಹಲಗೆಯ ನಡು ಗೇಣಿನಷ್ಟೇ ಅಗಲ. ಅದಕ್ಕೇ ಪಾದಗಳನ್ನು ಓರೆಯಾಗಿ ಇಡುತ್ತಾರೆ. ಬೂಟು ಉದ್ದವಾದರೆ ತುದಿ ಹೊರಚಾಚುತ್ತದೆ. ಹಲಗೆ ವಾಲಿದಾಗ ಅದು ಹಿಮಕ್ಕೆ ತಾಗಿ ಅಂಚನ್ನೇ ಎತ್ತಿಬಿಡುತ್ತದೆ. ಮಗಳು ಬಿದ್ದದ್ದೂ ಹಾಗೆಯೇ. ಬಿಗಿಯಾದ ಚಿಪ್ಪಿನೊಳಗೆ ಎರಡು ಕಾಲುಚೀಲ ಹಾಕಿದರೆ ರಕ್ತ ಸಂಚಾರ ತಗ್ಗಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೆಳುವಾದ ಒಂದೇ ಉಣ್ಣೆಯ ಕಾಲುಚೀಲ ಸಾಕು.

ನಾನು ಸುಮ್ಮನಾದೆ. ತಪ್ಪು ಆಟದಲ್ಲಿರಲಿಲ್ಲ, ಅಳತೆಯಲ್ಲಿತ್ತು. ಆ ಅಳತೆಯನ್ನು ಅವಳಿಗೆ ಕಲಿಸಿದವಳು ನಾನೇ.

ಮುದುಕ ಹೇಳಿದ ಇನ್ನೆರಡು ಮಾತು ಕೇಳಿ. ಹೊಸಬರಿಗೆ, ಹಗುರ ಮೈಯವರಿಗೆ ಅತಿ ಬಿರುಸಾದ ಬೂಟು ಬೇಡ; ಕಣಕಾಲು ಬಗ್ಗದಿದ್ದರೆ ಹಿಡಿತ ತಪ್ಪುತ್ತದೆ. ಅಗ್ಗಕ್ಕೆ ಸಿಕ್ಕಿತೆಂದು ಬಹಳ ಹಳೆಯದನ್ನೂ ಕೊಳ್ಳಬೇಡಿ. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಜೀವ ಕಳೆದುಕೊಂಡು, ಓಟದ ನಡುವೆಯೇ ಒಡೆಯಬಹುದು. ಕೊನೆಗೆ ಲೈನರನ್ನು ಬಿಸಿಮಾಡಿ, ಅವಳ ಕಾಲಿಗೆ ತೊಡಿಸಿ, ಬಕಲ್ ಬಿಗಿದು, ಆರುವ ತನಕ ನಿಲ್ಲಿಸಿದ. ಅವಳ ಪಾದದ ಅಚ್ಚೇ ಅದರಲ್ಲಿ ಮೂಡಿತು.

ನಿಮ್ಮಲ್ಲಿ ಗುಲ್ಮಾರ್ಗ್‌ಗೆ ಹೋಗುವವರು ಇದನ್ನು ಓದಿ ಹಾರ್ಡ್ ಬೂಟಿಗೆ ಓಡಬೇಡಿ. ಅಲ್ಲಿಯ ಆಳವಾದ ಪುಡಿ ಹಿಮಕ್ಕೆ ಮೆತ್ತನೆಯ ಬೂಟೇ ಸರಿ.

ಮರುದಿನ ಸಂಜೆ ಕರೆಜ್ಜಾದ ಇಳಿಜಾರಿನ ಬುಡದಲ್ಲಿ ನಿಂತಿದ್ದೆ. ಅಲ್ಲಿಯವರು ಒಂದು ಕಥೆ ಹೇಳುತ್ತಾರೆ. ಲೌರಿನ್ ಎಂಬ ಕುಳ್ಳ ರಾಜ ಸೆರೆಸಿಕ್ಕಾಗ, ತನ್ನನ್ನು ಹಿಡಿದುಕೊಟ್ಟ ಗುಲಾಬಿ ತೋಟ ಹಗಲೂ ಕಾಣದಿರಲಿ, ರಾತ್ರಿಯೂ ಕಾಣದಿರಲಿ ಎಂದು ಶಪಿಸಿದನಂತೆ. ಮುಸ್ಸಂಜೆಯನ್ನು ಹೇಳಲು ಮರೆತ. ಅದಕ್ಕೇ ಆ ಹೊತ್ತಿನಲ್ಲಿ ಬಂಡೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಆ ಬೆಳಕಿನಲ್ಲಿ ಮಗಳು ಇಳಿದು ಬಂದಳು. ಒಂದೇ ಒಂದು ತೆಳು ಗೆರೆ, ರಂಗೋಲಿ ಎಳೆದ ಹಾಗೆ. ನನ್ನ ಎದೆ ಬಡಿತ ಮಾತ್ರ ಅವಳು ನಿಲ್ಲುವ ತನಕ ನಿಲ್ಲಲಿಲ್ಲ. ಬಕಲ್ ಬಿಚ್ಚಲು ನಾನೇ ಮಂಡಿಯೂರಿ ಕುಳಿತೆ.

"ಇನ್ನು ಬಿದ್ದರೆ ಅವತ್ತೇ ಹೇಳಬೇಕು" ಎಂದೆ.

"ಹೇಳ್ತೀನಮ್ಮಾ."

ಮಕ್ಕಳೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ನಿಮಗೆ ಹೇಳುತ್ತಲೇ ಬಂದಿದ್ದೇವೆ. ಬೂಟಿನ ಮಟ್ಟಿಗೆ ಮಾತ್ರ, ಕಾಲಿದ್ದಷ್ಟೇ ಬೂಟು ಕೊಳ್ಳಿ. ಬಿದ್ದರೆ ಮನೆಗೆ ಫೋನ್ ಮಾಡಿ. ನಾವು ಬೈಯುತ್ತೇವೆ, ನಿಜ. ಆಮೇಲೆ ಅಂಗಡಿಗೂ ಜೊತೆಗೆ ಬರುತ್ತೇವೆ.